ಅಧ್ಯಕ್ಷರ ಚುಕ್ಕಿಗೊಂದು ಗೆರೆ

ಹನ್ನೊಂದು ವರ್ಷಗಳಿಂದ ಆ ಮನುಷ್ಯನಿಗೆ ಹೆಸರು ಎಂಬುದೇ ಇರಲಿಲ್ಲ. ಅಪ್ಪ ಅಮ್ಮ ಇಟ್ಟದ್ದೊಂದು ಗುರುತಿನ ಚೀಟಿಯಲ್ಲಿತ್ತು ನಿಜ, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗ್ರಂಥಾಲಯದ ಸೂಚಿ ವಿಭಾಗದ ಹಳೆಯ ಮುಖ್ಯಸ್ಥರು ನಿವೃತ್ತರಾದಾಗ, ಹೊಸಬರು ಬರುವವರೆಗೆ, ಅಂದರೆ ಹೆಚ್ಚೆಂದರೆ ಎರಡು ವಾರ, ನೀವೇ ನೋಡಿಕೊಳ್ಳಿ ಎಂದು ಇವರನ್ನು ‘ಪ್ರಭಾರ ಮುಖ್ಯಸ್ಥ’ರನ್ನಾಗಿ ಮಾಡಿದ್ದರು. ಎರಡು ವಾರ ಹನ್ನೊಂದು ವರ್ಷವಾಯಿತು. ಮುಖ್ಯಸ್ಥ ಎಂಬ ಪದ ಬಳಸಿ ಬಳಸಿ ಸವೆದು ಉದುರಿಹೋಗಿ, ಪ್ರಭಾರಿ ಎಂಬುದಷ್ಟೇ ಮೈಗೆ ಅಂಟಿಕೊಂಡಿತು. ಕಚೇರಿಯಲ್ಲಿ ಪ್ರಭಾರಿ, ಬೀದಿಯಲ್ಲಿ ಪ್ರಭಾರಿ, ಹಾಲಿನವನ ಚೀಟಿಯಲ್ಲೂ ಪ್ರಭಾರಿ. ಅವರ ಷಡ್ಡಕನಂತೂ ನಾಲ್ಕು ಜನ ಸೇರಿದಲ್ಲೆಲ್ಲ ಕೇಳುತ್ತಿದ್ದ: “ನಮ್ಮ ಪ್ರಭಾರಿಗೆ ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ಮನೇಲಾದ್ರೂ ಕಾಯಂ ಆಗಿದ್ದಾರಾ, ಇಲ್ಲ ಅಲ್ಲೂ ಹಂಗೇನಾ?”

ಈ ಪ್ರಭಾರವನ್ನು ಉದುರಿಸಿಕೊಳ್ಳುವುದೊಂದೇ ಅವರ ಬಾಳಿನ ಗುರಿ. ಅದಕ್ಕಾಗಿ ಅವರು ಏನನ್ನಾದರೂ ಮಾಡಲು ಸಿದ್ಧರಿದ್ದರು, ಕೆಲಸವೊಂದನ್ನು ಬಿಟ್ಟು.

ಹೀಗಿರುವಾಗ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಎಲ್ಲೋ ಒಂದು ಸಮ್ಮೇಳನಕ್ಕೆ ಹೋಗಿಬಂದರು. ಅಧ್ಯಕ್ಷರಾದವರು ಸಮ್ಮೇಳನದಿಂದ ಬರಿಗೈಲಿ ಬರುವುದಿಲ್ಲ, ಒಂದು ಚೀಲವನ್ನೂ ಒಂದು ಹೊಸ ಮಾತನ್ನೂ ತರುತ್ತಾರೆ. ಈ ಸಲದ ಮಾತು ‘ಕೊಂಡಿ ಹಾಕಿದ ದತ್ತಾಂಶ’. ತುರ್ತು ಸಭೆ ಕರೆದು, ಮೇಜಿನ ಮೇಲೆ ಎರಡೂ ಕೈಯೂರಿ, ಕಣ್ಣರಳಿಸಿ ಹೇಳಿದರು:

“ಪುಸ್ತಕಕ್ಕೊಂದು ಚುಕ್ಕಿ. ಓದುಗನಿಗೊಂದು ಚುಕ್ಕಿ. ಯಾರು ಯಾವ ಪುಸ್ತಕ ಒಯ್ದರೋ ಅವೆರಡರ ಮಧ್ಯೆ ಒಂದು ಗೆರೆ. ಸಾವಿರಾರು ಚುಕ್ಕಿ, ಸಾವಿರಾರು ಗೆರೆ. ಪರದೆ ಮೇಲೆ ಜೀವ ಇರೋ ಹಾಗೆ ಅಲ್ಲಾಡ್ತಿತ್ತು ಕಣ್ರೀ. ನಮ್ಮ ಗ್ರಂಥಾಲಯದ್ದೂ ಹಾಗೆ ಜಾಲತಾಣದಲ್ಲಿ ಬರಬೇಕು. ಇದರ ಬಗ್ಗೆ ಯಾರಿಗೆ ಗೊತ್ತು?”

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ತಂತಮ್ಮ ಪೆನ್ನಿನ ಮುಚ್ಚಳವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೂಲೆಯ ಕುರ್ಚಿಯಲ್ಲಿ ಪ್ರಭಾರಿಗಳು ಊಟದ ನಂತರದ ನಿದ್ದೆಯಲ್ಲಿದ್ದರು. ಸರಿಯಾಗಿ ಆ ಗಳಿಗೆಗೆ ಅವರ ತಲೆ ಮೊದಲು ಎದೆಗೆ ಬಿದ್ದು ಮತ್ತೆ ಮೇಲೆದ್ದಿತು.

“ಪ್ರಭಾರಿಗಳಿಗೆ ಗೊತ್ತಂತೆ,” ಎಂದರು ಅಧ್ಯಕ್ಷರು.

ಪ್ರಭಾರಿಗಳು ಕಣ್ಣು ಬಿಟ್ಟರು. ಇಂಥ ಹೊತ್ತಿಗೆಂದೇ ಅವರ ಬಳಿ ಮೂರು ವಾಕ್ಯಗಳಿದ್ದವು: ‘ಹಂತ ಹಂತವಾಗಿ ಮಾಡೋಣ’, ‘ಎಲ್ಲರನ್ನೂ ವಿಶ್ವಾಸಕ್ಕೆ ತಗೋಬೇಕು’, ‘ಸಾಧನ ಆರಿಸೋದೇ ಮುಖ್ಯ’. ಹನ್ನೊಂದು ವರ್ಷದ ಸಭೆಗಳನ್ನು ಈ ಮೂರರಿಂದಲೇ ದಾಟಿದ್ದರು. ಈಗ ಕೈಗೆ ಸಿಕ್ಕಿದ್ದು ಮೂರನೆಯದು.

“ಸಾಧನ ಆರಿಸೋದೇ ಮುಖ್ಯ ಸಾರ್,” ಎಂದರು.

ಅಧ್ಯಕ್ಷರು ಮೇಜು ಕುಟ್ಟಿದರು. “ಸಮ್ಮೇಳನದಲ್ಲೂ ಇದೇ ಮಾತು ಹೇಳಿದ್ರು. ಇದೇ ಮಾತು. ಇಂಥವರನ್ನ ಮೂಲೇಲಿ ಕೂರಿಸಿದ್ದೀವಲ್ಲ ನಾವು. ನೋಡಿ ಪ್ರಭಾರಿಗಳೇ, ಬರೋ ವಾರ ಅಲ್ಲ, ಅದರ ಆಚೆ ಶುಕ್ರವಾರ ಇಲಾಖೆ ನಿರ್ದೇಶಕಿಯವರು ಜಾಲತಾಣ ಉದ್ಘಾಟನೆಗೆ ಬರ್ತಾರೆ. ಅಷ್ಟರೊಳಗೆ ಸಾಧನ ಆರಿಸಿ ಚಿತ್ರ ಮಾಡಿಸಿ. ಚಿತ್ರ ಚೆನ್ನಾಗಿ ಬಂತು ಅಂದ್ರೆ ಅದೇ ವೇದಿಕೆ ಮೇಲೆ ನಿಮ್ಮ ಪ್ರಭಾರ ತೆಗೀತೀನಿ. ಬರಲಿಲ್ಲ ಅಂದ್ರೂ ತೆಗೀತೀನಿ. ಆಮೇಲೆ ನೀವು ನೆಲಮಾಳಿಗೇಲಿ ಹಳೇ ಪತ್ರಿಕೆ ಧೂಳು ಹೊಡೀತಾ ಇರಬಹುದು.”

ಆ ಸಂಜೆ ಪ್ರಭಾರಿಗಳು ನಡೆದು ಮನೆಗೆ ಬಂದದ್ದೇ ಬೇರೆ ರೀತಿ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಶಾಲೆಯ ಅಂಗಿಗೆ ಕಾಲರ್ ಕೂಡಿಸುತ್ತಿದ್ದಳು. ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವವಳು ಅವಳೇ. ಆದ್ದರಿಂದ ಬೀದಿಯ ಅರ್ಧ ಜನರ ಅಳತೆ ಅವಳಿಗೆ ಗೊತ್ತಿತ್ತು, ಗಂಡನದು ಪೂರ್ತಿ ಗೊತ್ತಿತ್ತು.

“ಕೊಂಡಿ ಹಾಕಿದ ದತ್ತಾಂಶ ಅಂದ್ರೆ ಏನ್ರೀ?” ಎಂದು ಕೇಳಿದಳು ಸಭೆಯ ಕಥೆಯೆಲ್ಲ ಕೇಳಿ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ.

“ಅದು ಹೇಳಿದ್ರೆ ಅರ್ಥ ಆಗಲ್ಲ. ನೋಡಬೇಕು.”

“ನೀವು ನೋಡಿದ್ದೀರಾ?”

“ಸಾಧನ ಆರಿಸೋದೇ ಮುಖ್ಯ,” ಎಂದರು ಪ್ರಭಾರಿಗಳು. ಹೆಂಡತಿ ಗುಂಡುಸೂಜಿ ತೆಗೆದು ಅಂಗಿಗೆ ಚುಚ್ಚಿದಳು.

ಕಚೇರಿಯಲ್ಲಿ ಇದೆಲ್ಲ ನಿಜವಾಗಿ ಗೊತ್ತಿದ್ದವರು ಒಬ್ಬರಿದ್ದರು. ಅವರನ್ನು ಸಭೆಗೆ ಕರೆದಿರಲಿಲ್ಲ, ಏಕೆಂದರೆ ಸಭೆಯ ಹೊತ್ತಿನಲ್ಲಿ ಕೆಲಸ ಮಾಡಲು ಯಾರಾದರೂ ಬೇಕಲ್ಲ. ಎಲ್ಲರೂ ಅವರನ್ನು ಕಂಪ್ಯೂಟರಕ್ಕ ಎನ್ನುತ್ತಿದ್ದರು. ಇಬ್ಬರು ಮಕ್ಕಳ ತಾಯಿ, ಮಾತು ಕಡಿಮೆ. ಪ್ರಭಾರಿಗಳು ವಿಷಯ ಹೇಳಿದಾಗ ಅವರು ನಗಲಿಲ್ಲ, ಅದೇ ಅವರ ದೊಡ್ಡತನ.

“ನಾಲ್ಕು ಸಾಧನ ಇವೆ ಸಾರ್. ಒಂದು ಜೇಡರ ಬಲೆ ಥರ ಹರಡುತ್ತೆ. ಒಂದು ಮರದ ಥರ ಕೊಂಬೆ ಬಿಡುತ್ತೆ. ಒಂದು ಎಲ್ಲಾ ಚುಕ್ಕಿಗಳನ್ನ ಬಳೆ ಥರ ಸುತ್ತ ಜೋಡಿಸುತ್ತೆ. ಇನ್ನೊಂದರಲ್ಲಿ ಯಾವುದಕ್ಕೆ ಜಾಸ್ತಿ ಗೆರೆ ಇದೆಯೋ ಅದು ಮಧ್ಯೆ ಬಂದು ಸೂರ್ಯನ ಹಾಗೆ ಉಬ್ಬುತ್ತೆ. ಆರಿಸೋ ಮುಂಚೆ ಮೂರು ಮಾತು ಕೇಳ್ಕೋಬೇಕು. ನಮ್ಮ ದತ್ತಾಂಶದ ಭಾರ ತಡೆಯುತ್ತಾ? ಸಾಮಾನ್ಯ ಫೋನಲ್ಲಿ ತೆರೆಯುತ್ತಾ? ನೋಡೋರಿಗೆ ಅದರಿಂದ ಏನಾದ್ರೂ ತಿಳಿಯುತ್ತಾ?”

“ಯಾವುದು ಚೆನ್ನಾಗಿ ಕಾಣುತ್ತೆ?”

ಕಂಪ್ಯೂಟರಕ್ಕ ಒಂದು ಉಸಿರು ಬಿಟ್ಟರು. “ಎಲ್ಲದಕ್ಕಿಂತ ಮುಂಚೆ ಓದುಗರ ಹೆಸರು ತೆಗೀಬೇಕು ಸಾರ್. ಯಾರು ಏನು ಓದಿದ್ರು ಅಂತ ಊರಿಗೆಲ್ಲ ತೋರಿಸೋ ಹಾಗಿಲ್ಲ. ನಾಳೆ ನಾಡಿದ್ದು ನಾನು ರಜ. ಮಗಳಿಗೆ ಜ್ವರ. ಬಂದು ತೆಗೀತೀನಿ. ಅಲ್ಲೀತನಕ ಏನನ್ನೂ ಒತ್ತಬೇಡಿ.”

ಏನನ್ನೂ ಒತ್ತಬೇಡಿ ಎಂದರೆ ಸುಮ್ಮನಿರುವ ಜಾಯಮಾನ ನಮ್ಮವರದಲ್ಲ. ಮರುದಿನ ಪ್ರಭಾರಿಗಳು ಕಂಪ್ಯೂಟರಕ್ಕನ ಕುರ್ಚಿಯಲ್ಲಿ ಕುಳಿತು ಮೊದಲನೆಯ ಸಾಧನ, ಆ ಜೇಡವನ್ನು ತೆರೆದರು. ಕಡತ ಎಲ್ಲಿದೆ ಎಂದು ಅದು ಕೇಳಿತು, ತೋರಿಸಿದರು. ಇಪ್ಪತ್ತು ವರ್ಷಗಳ ಎರವಲು ಪರದೆಯ ಮೇಲೆ ಬಿಚ್ಚಿಕೊಂಡಿತು, ಸಿಕ್ಕುಬಿದ್ದ ನೂಲಿನ ಉಂಡೆಯನ್ನು ಬೆಕ್ಕು ಎಳೆದಾಡಿದ ಹಾಗೆ. ಕೊನೆಗೆ ಅದೊಂದು ಪ್ರಶ್ನೆ ಕೇಳಿತು: ‘ಇದನ್ನು ಯಾರು ನೋಡಬಹುದು? ನೀವು ಮಾತ್ರ / ಎಲ್ಲರೂ’.

ಪ್ರಭಾರಿಗಳು ಯೋಚಿಸಿದರು. ಅಧ್ಯಕ್ಷರು ನೋಡಬೇಕು. ಅಧ್ಯಕ್ಷರು ನಾನಲ್ಲ. ಅಂದಮೇಲೆ ಅವರು ಎಲ್ಲರಲ್ಲಿ ಸೇರಿರಲೇಬೇಕು. ಇಷ್ಟು ಶುದ್ಧವಾದ ತರ್ಕವನ್ನು ಅವರು ಬದುಕಿನಲ್ಲಿ ಹಿಂದೆಂದೂ ಮಾಡಿರಲಿಲ್ಲ. ‘ಎಲ್ಲರೂ’ ಒತ್ತಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೋ ಏನೋ. ಆದರೆ ಕೃತಿಕಾರನಿಗೆ ಪ್ರೇಕ್ಷಕರು ಬೇಡವೇ? ತಮ್ಮ ಮನೆಯಿದ್ದ ಕಟ್ಟಡದವರ ಫೋನ್ ಗುಂಪಿಗೆ ಅದರ ಕೊಂಡಿಯನ್ನು ಕಳಿಸಿ, ಕೆಳಗೆ ಬರೆದರು: ‘ನನ್ನದೊಂದು ಅಲ್ಪ ಕಾಣಿಕೆ. ನಿಮ್ಮ ಹೆಸರೂ ಇದೆ, ಹುಡುಕಿಕೊಳ್ಳಿ.’

ಎಲ್ಲರೂ ಹುಡುಕಿಕೊಂಡರು.

ಮರುದಿನ ಬೆಳಗ್ಗೆ ಬಾಗಿಲು ಬಡಿದವರಲ್ಲಿ ಮೊದಲಿಗರು ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಹಲ್ಲು ಕಡಿಯುತ್ತಲೇ ಬಂದಿದ್ದರು, ಅದು ಹಲ್ಲಿಗೆ ಒಳ್ಳೆಯದಲ್ಲವೆಂದು ಅವರಿಗೆ ಗೊತ್ತಿದ್ದರೂ.

“ಏನು ಸ್ವಾಮಿ ಇದು? ನನ್ನ ಹೆಸರಿಂದ ಒಂದು ಗೆರೆ ಹೋಗಿ ‘ಹಲ್ಲು ಕೀಳುವ ಮೊದಲ ಪಾಠಗಳು’ ಅನ್ನೋ ಪುಸ್ತಕಕ್ಕೆ ಸೇರಿದೆ. ಅದೂ ಹೋದ ವರ್ಷ. ಬೆಳಗ್ಗೆಯಿಂದ ಏಳು ಜನ ಫೋನ್ ಮಾಡಿ ಬರಲ್ಲ ಅಂದ್ರು. ಎಂಟನೆಯವನು ಕುರ್ಚಿ ಮೇಲೆ ಬಾಯಿ ಬಿಟ್ಕೊಂಡಿದ್ದ, ಫೋನ್ ನೋಡಿ ಬಾಯಿ ಮುಚ್ಕೊಂಡು ಎದ್ದು ಹೋದ.”

“ತಮ್ಮ ಮಗನಿಗೆ ಅಂತ ತಗೊಂಡಿರಬಹುದು ಅಂದ್ಕೊಂಡೆ ಡಾಕ್ಟ್ರೇ.”

“ಮಗನಿಗೆ ಆರು ವರ್ಷ.”

ಡಾಕ್ಟರ ಹಿಂದೆ ವಾಹನ ಕಲಿಸುವ ಮೇಷ್ಟ್ರು ನಿಂತಿದ್ದರು. ಅವರ ಗೆರೆ ‘ರಸ್ತೆಯ ಭಯ ಗೆಲ್ಲುವುದು ಹೇಗೆ’ ಎಂಬಲ್ಲಿಗೆ ಹೋಗಿತ್ತು. ಅವರ ಹಿಂದೆ ನೆಲಮಹಡಿಯ ದಂಪತಿ. ಗಂಡ ‘ಹೆಂಡತಿ ಮಾತಾಡುವಾಗ ಸುಮ್ಮನಿರುವ ಕಲೆ’ಯನ್ನು ಒಂಬತ್ತು ಸಲ ಒಯ್ದಿದ್ದನು.

“ಒಂಬತ್ತು ಸಲ ಓದಿಯೂ ಕಲೀಲಿಲ್ಲವಲ್ಲ, ನನಗೆ ಅದೇ ಬೇಜಾರು,” ಎಂದಳು ಹೆಂಡತಿ. ಗಂಡ ಏನೋ ಹೇಳಲು ಬಾಯಿ ತೆರೆದನು. “ನೋಡಿ, ನೋಡಿ,” ಎಂದಳು ಅವಳು ಎಲ್ಲರ ಕಡೆ ತಿರುಗಿ.

ಆದರೆ ಇವೆಲ್ಲ ಅಂಚಿನ ಗೆರೆಗಳು. ಬಲೆಯ ನಟ್ಟನಡುವೆ, ಜೇಡ ಕೂರುವ ಜಾಗದಲ್ಲಿ, ಇಡೀ ಊರಿನ ಗೆರೆಗಳನ್ನು ತನ್ನ ಕಡೆಗೆ ಎಳೆದುಕೊಂಡು ಕುಳಿತಿದ್ದ ಪುಸ್ತಕವೊಂದಿತ್ತು: ‘ಮೂಲವ್ಯಾಧಿ: ಮನೆಯಲ್ಲೇ ಪರಿಹಾರ’. ಬ್ಯಾಂಕಿನ ವ್ಯವಸ್ಥಾಪಕರು, ವ್ಯಾಯಾಮದ ಗುರುಗಳು, ಸಂಗೀತದ ಟೀಚರು, ಇಬ್ಬರು ವಕೀಲರು, ಎಲ್ಲರ ಗೆರೆಯೂ ಅಲ್ಲಿ ಸೇರಿ ಒಂದಾಗಿತ್ತು. ಬೇರೆ ಯಾವ ವಿಷಯದಲ್ಲೂ ಕಾಣದ ಒಗ್ಗಟ್ಟು ಅಲ್ಲಿತ್ತು.

ಜನ ಕರಗಿದ ಮೇಲೆ ಹೆಂಡತಿ ಫೋನನ್ನು ಗಂಡನ ಮೂಗಿನ ಹತ್ತಿರ ಹಿಡಿದಳು.

“ರೀ, ನಮ್ಮನೆಯಿಂದಲೂ ಒಂದು ಗೆರೆ ಅಲ್ಲಿಗೆ ಹೋಗಿದೆ. ನನ್ನ ಹೆಸರಲ್ಲಿ.”

ಪ್ರಭಾರಿಗಳು ಕಿಟಕಿಯ ಆಚೆ ನೋಡಿದರು. “ನಾನು ಕೆಲಸ ಮಾಡೋ ಜಾಗ. ನನ್ನ ಕಾರ್ಡಲ್ಲಿ ತಗೊಂಡ್ರೆ ನಾಲ್ಕು ಜನ ಏನಂತಾರೆ? ಅದಕ್ಕೆ ನಿನ್ನ ಕಾರ್ಡಲ್ಲಿ ತಂದೆ.”

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. “ಅದಕ್ಕೇ ನಿನ್ನೆ ಮೂರು ಜನ ಬಟ್ಟೆ ಅಳತೆ ಕೊಡೋಕೆ ಬಂದವರು ನನಗೆ ಮೆತ್ತನೆ ಕುರ್ಚಿ ಮೇಲೆ ಕೂತ್ಕೋ ಕೂತ್ಕೋ ಅಂದ್ರು,” ಎಂದು ಒಳಗೆ ಹೋದಳು.

ಕಚೇರಿ ತಲುಪುವಷ್ಟರಲ್ಲಿ ಆ ಕೊಂಡಿ ಕೈಯಿಂದ ಕೈಗೆ ದಾಟಿ ಅಧ್ಯಕ್ಷರಿಗೂ ಮುಟ್ಟಿ, ಅವರಿಂದ ಕರೆ ಬಂದಿತ್ತು. ನೆಲಮಾಳಿಗೆಯ ಧೂಳು ಈಗಲೇ ಗಂಟಲಿಗೆ ಬಂದಂತಾಗಿ, ಪ್ರಭಾರಿಗಳು ಕೆಮ್ಮುತ್ತ ಅವರ ಕೋಣೆಗೆ ಹೋದರು. ಹೆಸರು ಬಯಲಾದದ್ದಕ್ಕೆ ಏನು ಹೇಳುವುದೆಂದು ದಾರಿಯಲ್ಲೇ ಉರು ಹೊಡೆದಿದ್ದರು. ಅದರ ಅಗತ್ಯವೇ ಬೀಳಲಿಲ್ಲ.

“ನನ್ನ ಪುಸ್ತಕ ಎಲ್ರೀ?” ಎಂದರು ಅಧ್ಯಕ್ಷರು.

ಅಧ್ಯಕ್ಷರು ಕವಿಯೂ ಆಗಿದ್ದರು. ‘ನಾನು ಮತ್ತು ನನ್ನ ನಾನು’ ಎಂಬ ಸಂಕಲನವನ್ನು ತಾವೇ ಅಚ್ಚು ಹಾಕಿಸಿ, ತಾವೇ ಮೂರು ಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಟ್ಟು, ತಾವೇ ಸ್ವೀಕರಿಸಿ ರಸೀದಿ ಬರೆದುಕೊಂಡಿದ್ದರು. ಪ್ರಭಾರಿಗಳು ಪರದೆಯ ಮೇಲೆ ಹುಡುಕಿದರು. ಬಲೆಯಿಂದ ಬಹಳ ದೂರ, ಮೇಲಿನ ಬಲ ಮೂಲೆಯಲ್ಲಿ, ಗೋಡೆಗೆ ಹೊಡೆದ ಸೊಳ್ಳೆಯಂತೆ ಒಂದು ಚುಕ್ಕಿಯಿತ್ತು. ಅದಕ್ಕೆ ಒಂದು ಗೆರೆಯೂ ಇರಲಿಲ್ಲ.

“ಆರು ವರ್ಷ ಆಯ್ತು ಪುಸ್ತಕ ಕೊಟ್ಟು,” ಎಂದರು ಅಧ್ಯಕ್ಷರು. ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಮರುಕ್ಷಣವೇ ಅದನ್ನು ನುಂಗಿ ಅಧ್ಯಕ್ಷರಾದರು. “ಈ ಸಾಧನ ಸರಿಯಿಲ್ಲ. ಸಾಧನ ಆರಿಸೋದೇ ಮುಖ್ಯ ಅಂದವರು ನೀವೇ. ಬೇರೆ ಆರಿಸಿ. ನಿರ್ದೇಶಕಿಯವರ ಮುಂದೆ ನನ್ನ ಪುಸ್ತಕ ಮೂಲೇಲಿ ಕೂತಿರಬಾರದು. ಆ ಮೂರು ಪ್ರತೀನೂ ಒಳಗಿಂದ ತಂದು ಎರವಲು ಮೇಜಿನ ಮೇಲೆ ಕಾಣೋ ಹಾಗಿಡಿ.”

ರಜೆ ಮುಗಿಸಿ ಬಂದ ಕಂಪ್ಯೂಟರಕ್ಕ ಮೊದಲು ಮಾಡಿದ್ದು ಅಂತರ್ಜಾಲದಿಂದ ಆ ಚಿತ್ರವನ್ನು ತೆಗೆದುಹಾಕಿದ್ದು. ಎರಡನೆಯದು, ಓದುಗರ ಹೆಸರುಗಳನ್ನೆಲ್ಲ ಅಳಿಸಿದ್ದು. ಮೂರನೆಯದಾಗಿ ಪ್ರಭಾರಿಗಳ ಮುಖ ನೋಡಿದರು. ಮಕ್ಕಳು ಗೋಡೆಯ ಮೇಲೆ ಗೀಚಿದಾಗ ನೋಡುವ ನೋಟ ಅದು. ಬಯ್ಯುವುದರಿಂದ ಗೋಡೆ ಬಿಳಿಯಾಗುವುದಿಲ್ಲ ಎಂದು ತಿಳಿದವರ ನೋಟ.

ಆಮೇಲಿನ ದಿನಗಳು ಸಾಧನ ಪರೀಕ್ಷೆಯಲ್ಲಿ ಕಳೆದವು. ಮರದಲ್ಲಿ ಹಾಕಿದರೆ ಅಧ್ಯಕ್ಷರ ಪುಸ್ತಕ ಯಾವ ಕೊಂಬೆಗೂ ಸೇರದೆ ಬುಡದಲ್ಲಿ ಉದುರಿದ ಎಲೆಯಾಯಿತು. ಅಧ್ಯಕ್ಷರು ಬೇಡವೆಂದರು. ಬಳೆಯಲ್ಲಿ ಹಾಕಿದರೆ ಸುತ್ತಿನಲ್ಲಿ ಜಾಗವೇನೋ ಸಿಕ್ಕಿತು, ಆದರೆ ಅತ್ತಿತ್ತಲಿನವರೆಲ್ಲ ಆಚೆ ದಡದವರೊಡನೆ ಗೆರೆ ಎಳೆದು ಹರಟುತ್ತಿರುವಾಗ ಅದೊಂದು ಮಾತ್ರ ಬಾಯಿಮುಚ್ಚಿ ಕೂತಿತ್ತು. ಅದೂ ಬೇಡವಾಯಿತು. ಸೂರ್ಯದಲ್ಲಿ ಹಾಕಿದಾಗ ಮೂಲವ್ಯಾಧಿ ಕೆಂಪಗೆ ಉಬ್ಬಿ ಪರದೆ ತುಂಬಿಕೊಂಡಿತು. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

“ಸಾಧನ ಬದಲಾಯಿಸಿದ್ರೆ ಚಿತ್ರ ಬದಲಾಗುತ್ತೆ ಸಾರ್,” ಎಂದರು ಕಂಪ್ಯೂಟರಕ್ಕ ಪ್ರಭಾರಿಗಳಿಗೆ. “ಗೆರೆ ಬದಲಾಗಲ್ಲ. ಗೆರೆ ಬೇಕು ಅಂದ್ರೆ ಯಾರಾದ್ರೂ ಆ ಪುಸ್ತಕ ಒಯ್ಯಬೇಕು. ನಾನು ವರದಿ ಬರೆದಿದ್ದೀನಿ. ನಮಗೆ ಜೇಡವೇ ಸರಿ. ಹಗುರ, ಫೋನಲ್ಲೂ ತೆರೆಯುತ್ತೆ, ಇದ್ದದ್ದನ್ನ ಇದ್ದ ಹಾಗೆ ತೋರಿಸುತ್ತೆ.”

“ಇದ್ದದ್ದನ್ನ ಇದ್ದ ಹಾಗೆ ತೋರಿಸೋದಕ್ಕೆ ಸಾಧನ ಯಾಕಮ್ಮ ಬೇಕು?” ಎಂದರು ಪ್ರಭಾರಿಗಳು, ಅಳುವ ದನಿಯಲ್ಲಿ. ಉದ್ಘಾಟನೆಗೆ ಒಂದೇ ದಿನ ಉಳಿದಿತ್ತು.

ಗುರುವಾರ ಎರಡು ಗಂಟೆಗೆ ಹಲ್ಲಿನ ಡಾಕ್ಟರ ಮುಂದಾಳತ್ವದಲ್ಲಿ ಇಡೀ ಬೀದಿ ಗ್ರಂಥಾಲಯಕ್ಕೆ ನುಗ್ಗಿತು. ಹೆಸರು ಅಳಿಸಿದರೂ ಆದ ಅವಮಾನ ಅಳಿಸುತ್ತದೆಯೇ? ಎಲ್ಲರ ಕೈಯಲ್ಲೂ ದೂರಿನ ಪತ್ರ. ನಾಳೆ ನಿರ್ದೇಶಕಿಯವರ ಕೈಗೇ ಅದು ಸೇರಬೇಕೆಂದು ಹಟ.

ಕುತ್ತಿಗೆಗೆ ಬಂದಾಗ ಮನುಷ್ಯ ಕಾನೂನು ಪುಸ್ತಕ ತೆರೆಯುತ್ತಾನೆ. ಪ್ರಭಾರಿಗಳು ಗ್ರಂಥಾಲಯದ ನಿಯಮಾವಳಿ ತೆರೆದರು. ಬೀದಿಯಲ್ಲಿ ಹೋಗುವವರೆಲ್ಲ ಫ್ಯಾನಿನ ಕೆಳಗೆ ಕೂತು ಪುಕ್ಕಟೆ ದೂರು ಬರೆಯುತ್ತಾರೆಂದು ಹಿಂದಿನವರು ಮಾಡಿಟ್ಟ ನಿಯಮವೊಂದು ಸಿಕ್ಕಿತು.

“ನಿಯಮ ಹದಿನೇಳು,” ಎಂದು ಗಟ್ಟಿಯಾಗಿ ಓದಿದರು. “ದೂರು ಕೊಡುವವರು ಅದೇ ದಿನ ಗ್ರಂಥಾಲಯದಿಂದ ಒಂದು ಪುಸ್ತಕವನ್ನಾದರೂ ಎರವಲು ಪಡೆದಿರತಕ್ಕದ್ದು.”

ಇಷ್ಟು ಹೇಳಿದರೆ ಜನ ಬೈದುಕೊಂಡು ಹೊರಟುಹೋಗುತ್ತಾರೆಂದು ಅವರ ಎಣಿಕೆ.

“ಅಷ್ಟೇ ತಾನೇ? ಯಾವುದಾದ್ರೂ ಒಂದು ಕೊಡಿ ಇಲ್ಲಿ,” ಎಂದು ಡಾಕ್ಟರು ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡರು. ಅದು ‘ನಾನು ಮತ್ತು ನನ್ನ ನಾನು’. ಎರವಲು ಬರೆಸಿದರು, ದೂರು ಕೊಟ್ಟರು, ಪುಸ್ತಕ ಅಲ್ಲೇ ಹಿಂದಿರುಗಿಸಿದರು. ಹಿಂದಿದ್ದ ವಾಹನದ ಮೇಷ್ಟ್ರು, “ಅದನ್ನೇ ಇತ್ಲಾಗೆ ಕೊಡಿ,” ಎಂದರು.

ಕಂಪ್ಯೂಟರಕ್ಕನ ಪರದೆಯ ಮೇಲೆ ಸೂರ್ಯ ಇನ್ನೂ ತೆರೆದೇ ಇತ್ತು. ಮೂಲೆಯ ಚುಕ್ಕಿಗೆ ಟಕ್ಕನೆ ಒಂದು ಗೆರೆ ಬಂದು ತಾಗಿತು. ಇನ್ನೊಂದು ತಾಗಿತು. ಚುಕ್ಕಿ ಕಾಳಿನಷ್ಟಾಯಿತು, ಗುಂಡಿಯಷ್ಟಾಯಿತು. ಪ್ರಭಾರಿಗಳು ಅದನ್ನು ನೋಡಿದರು. ಮತ್ತೆ ಸಾಲನ್ನು ನೋಡಿದರು. ಅವರ ಮುಖದಲ್ಲಿ ಬಂದ ಬೆಳಕನ್ನು ಕಂಡು ದೂರುದಾರರು ಹೆದರಿದರು.

“ಬನ್ನಿ, ಬನ್ನಿ. ನೂಕಾಡಬೇಡಿ, ಎಲ್ಲರಿಗೂ ಅವಕಾಶ ಇದೆ. ಇನ್ಯಾರಾದ್ರೂ ದೂರು ಕೊಡೋರಿದ್ದೀರಾ? ಸಂಕೋಚ ಬೇಡ. ಮನೇಲಿ ಇದ್ದೋರನ್ನೂ ಕರೆಸಿ. ಅಜ್ಜಿ, ನಿಮ್ಮದೂ ಗೆರೆ ಬಂದಿತ್ತಾ? ಬಂದಿಲ್ವಾ? ಪರವಾಗಿಲ್ಲ, ಬಂದಿಲ್ಲ ಅಂತಲೇ ಒಂದು ದೂರು ಕೊಡಿ.”

ಸಾಲು ತೆಳುವಾದಾಗ ಷಡ್ಡಕನಿಗೆ ಫೋನು ಮಾಡಿದರು.

“ಭಾವ, ನೀವು ಸ್ವಲ್ಪ ಬಂದು ನನ್ನ ಮೇಲೆ ಒಂದು ದೂರು ಕೊಡಬೇಕಲ್ಲ.”

“ಇಪ್ಪತ್ತು ವರ್ಷದಿಂದ ಇದಕ್ಕೇ ಕಾಯ್ತಿದ್ದೆ,” ಎಂದನು ಷಡ್ಡಕ. ಅಂಗಡಿಗೆ ಬೀಗ ಹಾಕಿ, ಕೆಲಸದವರು ಎಂಟು ಜನರನ್ನೂ ಕರೆದುಕೊಂಡು ಬಂದನು. ಅವನ ದೂರು ಒಂಬತ್ತು ಪುಟಗಳಿತ್ತು. ಅದರಲ್ಲಿ ಗ್ರಂಥಾಲಯದ ಪ್ರಸ್ತಾಪ ಎಲ್ಲೂ ಬರಲಿಲ್ಲ.

ಆರು ಗಂಟೆಗೆ ಬಾಗಿಲು ಹಾಕುವಾಗ ದೂರುಗಳು ನೂರ ಅರವತ್ತೆಂಟು. ಪರದೆಯ ನಡುವೆ ಮೂಲವ್ಯಾಧಿಯನ್ನು ಪಕ್ಕಕ್ಕೆ ತಳ್ಳಿ ಅಧ್ಯಕ್ಷರ ಪುಸ್ತಕ ಧಗಧಗ ಹೊಳೆಯುತ್ತಿತ್ತು.

“ಸೂರ್ಯವೇ ನಮ್ಮ ಸಾಧನ,” ಎಂದು ಪ್ರಭಾರಿಗಳು ವರದಿಯಲ್ಲಿ ಜೇಡವನ್ನು ಹೊಡೆದುಹಾಕಿ ಸಹಿ ಮಾಡಿದರು.

“ಸಾರ್, ಆ ಸಾಧನ ಇನ್ನೂ ಒಂದಷ್ಟು ತೋರಿಸುತ್ತೆ. ಚುಕ್ಕಿ ಮೇಲೆ ಒತ್ತಿದ್ರೆ...”

“ನಾಳೆ ನೋಡೋಣಮ್ಮ. ಹಂತ ಹಂತವಾಗಿ ಮಾಡೋಣ.”

ಕಂಪ್ಯೂಟರಕ್ಕ ಕೈಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಮಗಳಿಗೆ ಔಷಧಿ ಕೊಡುವ ಹೊತ್ತಾಗಿತ್ತು.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ದೂರಿನ ಗತಿ ಏನಾಯಿತೆಂದು ತಿಳಿಯಲು ದೂರುದಾರರೆಲ್ಲ ಬಂದಿದ್ದರು. ಅಧ್ಯಕ್ಷರಿಗೆ ಅವರೆಲ್ಲ ಅಭಿಮಾನಿಗಳಂತೆ ಕಂಡರು. ಅಧ್ಯಕ್ಷರು ಹೊಸ ಕೋಟು ಹಾಕಿದ್ದರು, ಪ್ರಭಾರಿಗಳು ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಹಳೆಯದನ್ನು. ಅವಳು ಮೂರನೇ ಸಾಲಿನಲ್ಲಿ ಬಂದು ಕೂತಳು. ಅಕ್ಕಪಕ್ಕದವರು ಅವಳಿಗೆಂದು ಒಂದು ದಿಂಬು ತಂದಿದ್ದರು.

ದೀಪ ಆರಿಸಿ ಪರದೆ ಬೆಳಗಿಸಿದರು. ಸೂರ್ಯ ಉದಯಿಸಿದ. ನಡುವೆ ದೊಡ್ಡ ಅಕ್ಷರಗಳಲ್ಲಿ ‘ನಾನು ಮತ್ತು ನನ್ನ ನಾನು’. ಅಧ್ಯಕ್ಷರು ತಲೆ ತಗ್ಗಿಸಿ, ಹೊಗಳಿಕೆಯೆಂದರೆ ತಮಗೆ ಆಗುವುದೇ ಇಲ್ಲವೆಂಬಂತೆ ಕೈ ಅಡ್ಡ ಮಾಡಿದರು. ಯಾರೂ ಇನ್ನೂ ಹೊಗಳಿರಲಿಲ್ಲ.

ನಿರ್ದೇಶಕಿಯವರು ಎದ್ದರು. ಕನ್ನಡಕದ ಮೇಲಿಂದ ನೋಡುವ, ಮೆತ್ತಗೆ ಮಾತಾಡುವ ಹೆಂಗಸು. ಇಂಥವರೇ ಅಪಾಯ. “ಈ ಸಾಧನ ನನಗೆ ಗೊತ್ತು. ಒಳ್ಳೇದು. ಚುಕ್ಕಿ ಒತ್ತಿದ್ರೆ ಪೂರ್ತಿ ಇತಿಹಾಸ ಹೇಳುತ್ತೆ,” ಎಂದು ಸೂರ್ಯನನ್ನು ಒತ್ತಿದರು. ಒಂದು ಚೌಕ ತೆರೆದುಕೊಂಡಿತು.

‘ಎರವಲು ಪಡೆದವರು: ನೂರ ಅರವತ್ತೆಂಟು. ಎರವಲು ಪಡೆದ ದಿನ: ನಿನ್ನೆ. ಒಬ್ಬರು ಇಟ್ಟುಕೊಂಡ ಸರಾಸರಿ ಅವಧಿ: ನಾಲ್ಕು ನಿಮಿಷ.’

ಕೊನೆಯ ಸಾಲಿನಲ್ಲಿ ಯಾರೋ ಸೀನಿದ್ದು ಮೊದಲ ಸಾಲಿಗೆ ಕೇಳಿಸಿತು.

“ನಾಲ್ಕು ನಿಮಿಷ,” ಎಂದರು ನಿರ್ದೇಶಕಿ. “ಇದು ಹೇಗೆ?”

ಅಧ್ಯಕ್ಷರು ಪ್ರಭಾರಿಗಳನ್ನು ನೋಡಿದರು. ಪ್ರಭಾರಿಗಳ ಮೂರು ವಾಕ್ಯಗಳಲ್ಲಿ ಒಂದೂ ಇಲ್ಲಿಗೆ ಹೊಂದುವಂತಿರಲಿಲ್ಲ. ಬದುಕಿನಲ್ಲಿ ಮೊದಲ ಬಾರಿ ಸ್ವಂತ ವಾಕ್ಯವೊಂದನ್ನು ಕಟ್ಟಬೇಕಾಯಿತು.

“ಬೇಡಿಕೆ ಮೇಡಂ. ಇರೋದು ಮೂರೇ ಪ್ರತಿ. ಒಬ್ಬರ ಕೈಯಿಂದ ಒಬ್ಬರು ಕಿತ್ಕೊಂಡು ಹೋಗ್ತಿದ್ರು.”

“ಹೌದಾ?” ನಿರ್ದೇಶಕಿ ಸಭೆಯತ್ತ ತಿರುಗಿ, ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರನ್ನು ಕೇಳಿದರು. “ನೀವು ನಿನ್ನೆ ಬಂದಿದ್ರಾ? ಯಾತಕ್ಕೆ?”

ಡಾಕ್ಟರು ಎದ್ದರು. ದೂರಿನ ನಕಲು ಜೇಬಿನಲ್ಲೇ ಇತ್ತು. ಕೈ ಅಲ್ಲಿಗೆ ಹೋಯಿತು. ದೂರು ಕೊಡಲು ಎಂದರೆ ಏನು ದೂರು ಎಂದು ಕೇಳುತ್ತಾರೆ. ಏನು ದೂರು ಎಂದು ಹೇಳಿದರೆ ‘ಹಲ್ಲು ಕೀಳುವ ಮೊದಲ ಪಾಠಗಳು’ ಎಂಬ ಮಾತು ಧ್ವನಿವರ್ಧಕದಲ್ಲಿ ಬರುತ್ತದೆ. ಪಕ್ಕದಲ್ಲೇ ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬನು, ನಾಳೆ ಬರಬಹುದಾದವನು, ಅವರ ಬಾಯನ್ನೇ ನೋಡುತ್ತಿದ್ದನು.

“ಕವಿತೆ ಓದೋಕೆ ಮೇಡಂ,” ಎಂದು ಡಾಕ್ಟರು ಕೂತರು.

“ನೀವು?”

ವಾಹನದ ಮೇಷ್ಟ್ರು ಹಣೆ ಒರೆಸಿಕೊಂಡರು. “ಕವಿತೆಗೇ.”

ಬ್ಯಾಂಕಿನ ವ್ಯವಸ್ಥಾಪಕರು ಕೇಳುವ ಮೊದಲೇ ಎದ್ದು, “ತುಂಬಾ ಮನಮುಟ್ಟಿತು,” ಎಂದರು. ನೆಲಮಹಡಿಯ ಗಂಡ ಮಾತ್ರ ಬಾಯಿ ತೆರೆಯಲಿಲ್ಲ. ಕೊನೆಗೂ ಕಲಿತಿದ್ದನು.

ನಿರ್ದೇಶಕಿಯವರು ಒಂದು ಕ್ಷಣ ಎಲ್ಲರ ಮುಖಗಳ ಮೇಲೂ ಕಣ್ಣಾಡಿಸಿದರು. ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ದೊಡ್ಡ ಚುಕ್ಕಿಯನ್ನು ಒತ್ತಿದರು. ‘ಮೂಲವ್ಯಾಧಿ: ಮನೆಯಲ್ಲೇ ಪರಿಹಾರ. ಸರಾಸರಿ ಅವಧಿ: ಇಪ್ಪತ್ತೆಂಟು ದಿನ.’

“ಇದನ್ನ ಜನ ಓದ್ತಾರೆ,” ಎಂದರು. “ಇನ್ನೂ ಹತ್ತು ಪ್ರತಿ ತರಿಸಿ. ಈ ದತ್ತಾಂಶದಿಂದ ಹೆಸರು ತೆಗೆದವರು ಯಾರು? ನೀಟಾಗಿ ಮಾಡಿದ್ದಾರೆ.”

ಬಾಗಿಲ ಬಳಿ ತಂತಿಗಳನ್ನು ಹಿಡಿದು ನಿಂತಿದ್ದ ಕಂಪ್ಯೂಟರಕ್ಕನ ಕಡೆ ಯಾರೂ ತಿರುಗಲಿಲ್ಲ. ಮೂಲವ್ಯಾಧಿಯ ಮಾತು ಬಂದದ್ದೇ ಎಲ್ಲರೂ ತಿರುಗಿದ್ದು ಮೂರನೇ ಸಾಲಿನ ದಿಂಬಿನ ಕಡೆಗೆ.

ಈಗ ಮಾತಾಡುವ ಸರದಿ ಅಧ್ಯಕ್ಷರದು. ಅವರ ಕಿವಿ ಕೆಂಪಾಗಿತ್ತು. ಪ್ರಭಾರಿಗಳನ್ನು ಅಲ್ಲೇ ಕತ್ತು ಹಿಡಿದು ನೆಲಮಾಳಿಗೆಗೆ ಇಳಿಸಬೇಕೆಂದು ಕೈ ತುರಿಸುತ್ತಿತ್ತು. ಆದರೆ ಇಳಿಸಿದರೆ ಆ ನೂರ ಅರವತ್ತೆಂಟು ಗೆರೆ ಸುಳ್ಳೆಂದು ತಾವೇ ಒಪ್ಪಿದಂತೆ. ಮತ್ತೆ ಆ ಮೂಲೆ, ಮತ್ತೆ ಆ ಸೊಳ್ಳೆ. ಅಧ್ಯಕ್ಷರು ಪರದೆಯ ಸೂರ್ಯನನ್ನು ನೋಡಿದರು. ಎಷ್ಟೆಂದರೂ ತಮ್ಮದೇ ಪುಸ್ತಕ. ಆರು ವರ್ಷದಲ್ಲಿ ಮೊದಲ ಸಲ ಹೊಳೆಯುತ್ತಿತ್ತು.

“ನಮ್ಮ ಓದುಗರು,” ಎಂದು ಗಂಟಲು ಸರಿಮಾಡಿಕೊಂಡರು, “ಬಹಳ ವೇಗವಾಗಿ ಓದುತ್ತಾರೆ. ಇದನ್ನು ಸಾಧ್ಯ ಮಾಡಿದ ನಮ್ಮ ಪ್ರಭಾರಿಗಳನ್ನು ಈ ಕ್ಷಣದಿಂದ ಸೂಚಿ ವಿಭಾಗದ ಕಾಯಂ ಮುಖ್ಯಸ್ಥರೆಂದು ಘೋಷಿಸುತ್ತೇನೆ.” ಹೇಳುವಾಗ ಪ್ರತಿಯೊಂದು ಪದವನ್ನೂ ಹಲ್ಲು ಕಿತ್ತಂತೆ ಕಿತ್ತು ಕೊಟ್ಟರು.

ದೂರುದಾರರೆಲ್ಲ ಚಪ್ಪಾಳೆ ತಟ್ಟಿದರು. ತಟ್ಟದೆ ಬೇರೆ ದಾರಿಯಿರಲಿಲ್ಲ. ಪ್ರಭಾರಿಗಳಿಗೆ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದ ಹೊರೆಯೊಂದು ಭುಜದಿಂದ ಇಳಿದಿತ್ತು. ಮನೆಗೆ ಹೋಗುವಾಗ ಅವರು ಹೆಂಡತಿಯ ಕೈಯಿಂದ ದಿಂಬನ್ನು ತಾವೇ ಇಸಿದುಕೊಂಡು ನಡೆದರು.

ಸೋಮವಾರ ಬೆಳಗ್ಗೆ ನೇಮಕದ ಆದೇಶ ಹಿಡಿದು ಇಲಾಖೆಯ ಜವಾನನೊಬ್ಬ ಆ ಬೀದಿಗೆ ಬಂದನು. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮವರಿಗೆ ಕೆಳಗಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಲೋಟವನ್ನು ಕಟ್ಟೆಯ ಮೇಲಿಟ್ಟು, ಕಿವಿ ನಿಮಿರಿಸಿ, ಕಾಲರ್ ಸರಿಮಾಡಿಕೊಂಡರು.

“ಸೂಚಿ ವಿಭಾಗದ ಮುಖ್ಯಸ್ಥರ ಮನೆ ಯಾವುದು ಸಾರ್?” ಎಂದು ಜವಾನ ಕೇಳುತ್ತಿದ್ದ.

“ಹಂಗಂದ್ರೆ ಯಾರಪ್ಪ? ಈ ಬೀದೀಲಿ ಅಂಥವರು ಯಾರೂ ಇಲ್ಲ,” ಎಂದರು ಹಲ್ಲಿನ ಡಾಕ್ಟರು.

“ಗ್ರಂಥಾಲಯದೋರು ಸಾರ್. ಮೊದಲು ಪ್ರಭಾರಿ ಆಗಿದ್ರಂತಲ್ಲ.”

“ಓ,” ಎಂದರು ಡಾಕ್ಟರು. “ನಾಲ್ಕು ನಿಮಿಷದವರಾ? ಎರಡನೇ ಮಹಡಿ, ಎಡಗಡೆ ಬಾಗಿಲು.”